ಗುಂಡು ಎರಡರಲ್ಲೇ ಇದೆ, ಆಕ್ಸಿಜನ್ ಇದೆಯೇ?

ತೀರ್ಥಹಳ್ಳಿ, ಹೊಸನಗರ ಕಡೆಯ ಮನೆಗಳಿಗೆ ನಾನು ಕೂರಿಸಿಕೊಡುವುದು ಹೆಚ್ಚಾಗಿ ಉಸಿರಿನ ತೊಂದರೆ ಇರುವವರಿಗೆ ನಿಮಿಷಕ್ಕೆ 5 ಲೀಟರ್‌ವರೆಗೆ ಆಕ್ಸಿಜನ್ ಕೊಡುವ ಕಾನ್ಸಂಟ್ರೇಟರ್ ಮೆಷಿನ್. ಅದರೊಳಗೆ ಆಕ್ಸಿಜನ್ ತುಂಬಿರುವುದಿಲ್ಲ. ಕಂಪ್ರೆಸರ್ ಕೋಣೆಯ ಗಾಳಿಯನ್ನೇ ಎಳೆದು ಜಿಯೋಲೈಟ್ ಹರಳಿನ ಎರಡು ಕೊಳವೆಗಳಿಗೆ ಸರದಿಯಂತೆ ಒತ್ತುತ್ತದೆ. ಹರಳು ನೈಟ್ರೋಜನ್ ಹಿಡಿದಿಟ್ಟುಕೊಂಡು ಆಕ್ಸಿಜನ್ ಮುಂದಕ್ಕೆ ಬಿಡುತ್ತದೆ. ಕೆಲವು ಸೆಕೆಂಡಿಗೊಮ್ಮೆ ಕೇಳುವ ‘ಪುಸ್’ ಸದ್ದು, ಹಿಡಿದ ನೈಟ್ರೋಜನ್ ಹೊರಹೋಗುವುದು. ಎಲ್ಲ ಸರಿಯಿದ್ದರೆ ಶೇ. 90ರಿಂದ 96ರಷ್ಟು ಶುದ್ಧ ಆಕ್ಸಿಜನ್ ಸಿಗುತ್ತದೆ.

ನಮ್ಮ ಕಡೆಯ ತೊಂದರೆ ತೇವ. ಜಿಯೋಲೈಟ್ ನೀರಿನ ಆವಿಯನ್ನು ನೈಟ್ರೋಜನ್‌ಗಿಂತ ಗಟ್ಟಿಯಾಗಿ ಹೀರುತ್ತದೆ, ಬೇಗ ಬಿಡುವುದಿಲ್ಲ. ಮಳೆಗಾಲವಿಡೀ ಬಳಸದೆ ಮೂಲೆಗಿಟ್ಟ ಮೆಷಿನ್ ಕೆಡುವುದೂ ಹೀಗೆಯೇ. ಹೀಗೆ ಆಕ್ಸಿಜನ್ನಿನ ಶುದ್ಧತೆ ಇಳಿದಾಗಲೂ ಮೆಷಿನ್ ಮುಂದಿನ ಫ್ಲೋಮೀಟರಿನ ಗುಂಡು ಎರಡರಲ್ಲೇ, ಅಂದರೆ ನಿಮಿಷಕ್ಕೆ 2 ಲೀಟರಿನಲ್ಲೇ, ತೇಲುತ್ತಿರುತ್ತದೆ! ಗುಂಡು ಅಳೆಯುವುದು ಹರಿವನ್ನು, ಶುದ್ಧತೆಯನ್ನಲ್ಲ. ಹಾಗಾಗಿ ಶುದ್ಧತೆ ಅಳೆಯುವ ಅನಲೈಸರ್ ಇಲ್ಲದೆ ನಾನು ಸರ್ವಿಸ್‌ಗೆ ಹೋಗುವುದಿಲ್ಲ. ಬಚ್ಚಲೊಲೆಯ ಹೊಗೆ, ಹಬೆ ಬರುವಲ್ಲಿ ಮೆಷಿನ್ ಇಡಬಾರದು. ಗೋಡೆಯಿಂದ ಒಂದು ಅಡಿ ದೂರವಿರಲಿ. ಹೊರಗಿನ ಫಿಲ್ಟರನ್ನು ವಾರಕ್ಕೊಮ್ಮೆ ತೊಳೆದು, ಪೂರ್ತಿ ಒಣಗಿದ ಮೇಲೆಯೇ ಹಾಕಬೇಕು. ಜುಲೈನಲ್ಲಿ ಅದು ಒಣಗುವುದಿಲ್ಲ, ಇನ್ನೊಂದು ಇಟ್ಟುಕೊಳ್ಳಿ.

“ಗಾಳಿ ಬರ್ತಿಲ್ಲ” ಎಂದು ಫೋನ್ ಬಂದರೆ ಮೊದಲ ಅನುಮಾನ, ಆಕ್ಸಿಜನ್ನಿಗೆ ತೇವ ಕೊಡಲು ಮೆಷಿನ್‌ಗೆ ಜೋಡಿಸಿದ ನೀರಿನ ಬಾಟಲಿಯ ಮುಚ್ಚಳದ ಮೇಲೆ. ಮುಚ್ಚಳದ ತಿರುಪು ಓರೆಯಾಗಿ ಕೂತರೆ ಆಕ್ಸಿಜನ್ ಅಲ್ಲೇ ಸೋರುತ್ತದೆ. ಮೂಗಿನ ನಳಿಗೆಯನ್ನು ತೆಗೆದು, ಕೊಳವೆಯನ್ನು ಮಡಚಿ ಹಿಡಿಯಿರಿ: ಗುಂಡು ಕೆಳಗಿಳಿದು ಬಾಟಲಿಯ ವಾಲ್ವ್ ಸಿಳ್ಳೆ ಹಾಕಿದರೆ ಸೋರಿಕೆಯಿಲ್ಲ. ಬಾಟಲಿಗೆ ಡಿಸ್ಟಿಲ್ಡ್ ನೀರು ಒಳ್ಳೆಯದು. ಬಾವಿನೀರನ್ನು ಹಾಗೇ ಹಾಕಬೇಡಿ.

ಏದುಸಿರು ಕಂಡ ಕೂಡಲೇ ಗುಂಡಿ ತಿರುಗಿಸಿ ಹರಿವು ಹೆಚ್ಚಿಸುವುದು ಮನೆಯವರ ಅಭ್ಯಾಸ. ಸಿಒಪಿಡಿ (ಶ್ವಾಸನಾಳ ಕಿರಿದಾಗುವ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ) ಇರುವವರಿಗೆ ಸಾಮಾನ್ಯವಾಗಿ ವೈದ್ಯರು, ಬೆರಳಿಗೆ ಹಾಕಿ ರಕ್ತದ ಆಕ್ಸಿಜನ್ ನೋಡುವ ಆಕ್ಸಿಮೀಟರಿನಲ್ಲಿ ಶೇ. 88ರಿಂದ 92 ಸಾಕು ಅನ್ನುತ್ತಾರೆ. ಅದಕ್ಕಿಂತ ಮೇಲಕ್ಕೆ ಎಳೆದರೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರಿ ಮಂಪರು, ತಲೆನೋವು ಬರಬಹುದು. ವೈದ್ಯರು ಬರೆದ ಲೀಟರನ್ನು ಮೆಷಿನ್ ಮೇಲೆಯೇ ಅಂಟಿಸಿಬಿಡುತ್ತೇನೆ.

ಕರೆಂಟು ಹೋದರೆ? ಮೆಷಿನ್‌ಗೆ ಸುಮಾರು 350 ವಾಟ್ ಬೇಕು, ಮನೆಯ ಇನ್ವರ್ಟರ್ ರಾತ್ರಿಯಿಡೀ ಎಳೆಯುವುದಿಲ್ಲ. ಅದಕ್ಕೇ ಆಕ್ಸಿಜನ್ ಸಿಲಿಂಡರ್ ಜೊತೆಗಿರಲಿ. ಬಿ ಟೈಪ್ ಎಂಬ ಗಾತ್ರದ ತುಂಬಿದ ಸಿಲಿಂಡರಿನಲ್ಲಿ ಸುಮಾರು 1500 ಲೀಟರ್ ಇರುತ್ತದೆ. ನಿಮಿಷಕ್ಕೆ 2 ಲೀಟರಿನಂತೆ 12 ಗಂಟೆ. ಸಿಲಿಂಡರಿಗೆ ಒತ್ತಡ ತಗ್ಗಿಸುವ ರೆಗ್ಯುಲೇಟರ್ ಕೂರಿಸುವಾಗ ಕೈಯಲ್ಲಿ ಕೊಬ್ಬರಿ ಎಣ್ಣೆಯ ಜಿಡ್ಡೂ ಇರಬಾರದು, ಒತ್ತಡದ ಆಕ್ಸಿಜನ್ ತಾಗಿದರೆ ಎಣ್ಣೆ ಹೊತ್ತಿಕೊಳ್ಳುತ್ತದೆ. ವಾಲ್ವನ್ನು ನಿಧಾನ ತೆರೆದು, ಜೋಡಣೆಗೆ ಸೋಪಿನ ನೀರು ಸವರಿ ಗುಳ್ಳೆ ಬಂದು ಸೋರುತ್ತಿದೆಯೇ ನೋಡಿ.