ಸಂಸಾರವೈಕಲ್ಯ ಎಂದರೆ ಮಾತಿನ ತೊಂದರೆ: ಗಡಿನಾಡಿನಲ್ಲಿ ನಮ್ಮ ತಿಂಗಳ ಕಲಿಕೆ

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ, ಮುಳ್ಳೇರಿಯ, ಕುಂಬಳೆ ಕಡೆ ಕೆಲಸ ಮಾಡುವ ಹದಿನಾರು ಜನ ಸೋಶಿಯಲ್ ವರ್ಕರುಗಳು ತಿಂಗಳಿಗೊಂದು ಶನಿವಾರ ಮೂರು ಗಂಟೆ ಕೂತು ಕಲಿಯುವ ಕ್ರಮ ಎರಡೂವರೆ ವರ್ಷದಿಂದ ನಡೆಯುತ್ತಿದೆ. ಸರ್ಟಿಫಿಕೇಟ್ ಇಲ್ಲದಿದ್ದರೆ ಯಾರೂ ಬರಲಿಕ್ಕಿಲ್ಲ, ಕಾನೂನನ್ನೆಲ್ಲ ಕನ್ನಡದಲ್ಲಿ ಕಲಿಸಲಿಕ್ಕೆ ಆಗದು ಎಂದವರೇ ಹೆಚ್ಚು. ಈಗ ಹದಿಮೂರು ಹದಿನಾಲ್ಕು ಜನ ಒಂದು ತಿಂಗಳೂ ತಪ್ಪಿಸುವುದಿಲ್ಲ. ಪೋಕ್ಸೊ (ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಡೆಯುವ ಕಾಯ್ದೆ), ಜೆ.ಜೆ. ಆಕ್ಟ್ (ಬಾಲನ್ಯಾಯ ಕಾಯ್ದೆ), ಯುಡಿಐಡಿ (ಅಂಗವಿಕಲರ ಗುರುತಿನ ಚೀಟಿ) ಇವನ್ನೆಲ್ಲ ಇಲ್ಲಿ ವಿವರಿಸಲು ಹೋಗುವುದಿಲ್ಲ. ಮಾಡಿದ ಬಗೆಯನ್ನಷ್ಟೇ ಬರೆಯುತ್ತೇನೆ.

ಮೊದಲು ಹಣ ಹೋದ ಲೆಕ್ಕ. ಒಂದು ದಿನದ ಕಾರ್ಯಾಗಾರ ಇಟ್ಟೆವು. ಹಾಲ್, ಮೈಕ್, ಅರವತ್ತು ಜನರ ಊಟ, ಬ್ಯಾಗು, ಫೈಲು, ಭಾಷಣಕ್ಕೆ ಬಂದವರ ಕಾರಿನ ಬಾಡಿಗೆ ಎಲ್ಲ ಸೇರಿ 22 ಸಾವಿರದ ಹತ್ತಿರ ಖರ್ಚು. ಎರಡು ತಿಂಗಳ ಬಳಿಕ ಬಂದವರಲ್ಲಿ ಹತ್ತು ಜನರ ಕೈಗೆ ಖಾಲಿ ಅರ್ಜಿ ಕೊಟ್ಟು ನೋಡಿದರೆ ಸರಿಯಾಗಿ ತುಂಬಿದವರು ಇಬ್ಬರು. ಆಮೇಲೆ ಆನ್‌ಲೈನ್ ಹಿಡಿದೆವು. ಎಣ್ಮಕಜೆಯ ಗುಡ್ಡದ ಮರೆಯಲ್ಲಿ ಮಾತು ತುಂಡು ತುಂಡಾಗಿ ಕೇಳುತ್ತಿತ್ತು. ಕೇಳಿದವರೂ ಕೆಮರಾ ಆರಿಸಿ ಬೇರೆ ಕೆಲಸ ನೋಡುತ್ತಿದ್ದರು. ನಾಲ್ಕನೇ ಸಲಕ್ಕೆ ಅದನ್ನೂ ಬಿಟ್ಟೆವು.

ಹಿಡಿತಕ್ಕೆ ಸಿಕ್ಕಿದ್ದು ಇದು: ಒಂದು ಸಲಕ್ಕೆ ಒಂದೇ ಪ್ರಕರಣ, ಒಂದೇ ನಮೂನೆ, ಒಂದು ಪುಟ ಶಬ್ದ. ಮೊದಲ ಮುಕ್ಕಾಲು ಗಂಟೆ ಹಿಂದಿನ ತಿಂಗಳ ಪ್ರಕರಣ ಎಲ್ಲಿಗೆ ಮುಟ್ಟಿತು ಎಂಬ ವಿಚಾರಣೆ. ಇದನ್ನು ಬಿಟ್ಟರೆ ಉಳಿದದ್ದೆಲ್ಲ ವ್ಯರ್ಥ, ಬಿಟ್ಟು ನೋಡಿಯೇ ಹೇಳುತ್ತಿದ್ದೇನೆ. ವಾಚನಾಲಯದ ಕೋಣೆಗೆ 300, ಜೆರಾಕ್ಸಿಗೆ ಸುಮಾರು 200, ಚಾ ಮತ್ತು ಗೋಳಿಬಜೆಗೆ 500. ತಲೆಗೆ ನೂರು ರೂಪಾಯಿ ಎತ್ತಿದರೆ ಮಿಕ್ಕಿದ್ದು ಮೂರು ತಿಂಗಳಿಗೊಮ್ಮೆ ವಕೀಲರನ್ನು ಕರೆಸಲಿಕ್ಕೆ ಆಗುತ್ತದೆ. ಸಾಯಂಕಾಲದ ಬಸ್ಸಿಗೆ ಮೊದಲು ಮುಗಿಸಲೇಬೇಕು, ಇಲ್ಲದಿದ್ದರೆ ಮರು ತಿಂಗಳು ದೂರದವರು ಬರುವುದಿಲ್ಲ.

ಆ ಒಂದು ಪುಟ ಶಬ್ದವೇ ನಮ್ಮ ದೊಡ್ಡ ಸಂಪಾದನೆ. ಕಾಗದಪತ್ರ ಬರುವುದು ಮಲಯಾಳದಲ್ಲಿ, ಮನೆಯವರ ಮಾತು ಕನ್ನಡ, ತುಳು ಅಥವಾ ಬ್ಯಾರಿ. ಎರಡೂ ಕಡೆ ಇರುವ ಸಂಸ್ಕೃತ ಶಬ್ದಗಳಲ್ಲೇ ಕಾಲು ಜಾರುವುದು. ಮಲಯಾಳದ ‘ಅವಕಾಶಂ’ ಎಂದರೆ ಹಕ್ಕು. ಅದನ್ನು ನಮ್ಮ ‘ಅವಕಾಶ’ವೆಂದು ಓದಿ ಹೇಳಿದರೆ ತಾಯಿಗೆ ತನ್ನ ಮಗುವಿನ ಹಕ್ಕು ಸಿಕ್ಕರೆ ಸಿಕ್ಕೀತು ಎಂಬ ಹಾಗೆ ಕೇಳುತ್ತದೆ. ‘ಅನುವಾದಂ’ ಎಂದರೆ ಒಪ್ಪಿಗೆ. ‘ಅಪೇಕ್ಷ’ ಎಂದರೆ ಅರ್ಜಿ. ಮಗುವಿನ ಪತ್ರದಲ್ಲಿ ‘ಸಂಸಾರವೈಕಲ್ಯಂ’ ಎಂದಿದ್ದರೆ ಅದು ಮಾತಿನ ತೊಂದರೆ, ಮನೆಯ ಜಗಳ ಅಲ್ಲ. ಹೀಗೆ ನೂರೈವತ್ತರಷ್ಟು ಶಬ್ದ ಕೂಡಿಸಿದ್ದೇವೆ. ಎದುರು ಕಾಲಮಿನಲ್ಲಿ ಮನೆಯವರು ಆಡುವ ಮಾತು ಬರೆಯುತ್ತೇವೆ. ‘ಖಿನ್ನತೆ ಇದೆಯಾ’ ಎಂದು ಕೇಳಿದರೆ ಯಾರೂ ಹೌದೆನ್ನುವುದಿಲ್ಲ. ‘ಮಂಡೆಬೆಚ್ಚ ಉಂಟಾ’ (ತಲೆಬಿಸಿ ಇದೆಯಾ) ಎಂದರೆ ಕೂತು ಮಾತಾಡುತ್ತಾರೆ.

ಪೋಕ್ಸೊ ದಿನ ಹೆಚ್ಚು ಕಲಿಸಿದ್ದು ಬರೆಯುವ ಅಭ್ಯಾಸ. ಒಬ್ಬರು ಮಗುವಿನ ಮಾತಾಗಿ ತುಳುವಿನಲ್ಲಿ ನಾಲ್ಕು ವಾಕ್ಯ ಹೇಳಬೇಕು, ಉಳಿದವರು ಬರೆದುಕೊಳ್ಳಬೇಕು. ಮೊದಲ ಸಲ ಹತ್ತು ಹಾಳೆಗಳಲ್ಲಿ ಏಳರಲ್ಲಿ ‘ಅನುಚಿತ ವರ್ತನೆ’ ಎಂದಿತ್ತು. ಮಗು ಹೇಳಿದ ಒಂದು ಪದವೂ ಅದರಲ್ಲಿ ಉಳಿದಿರಲಿಲ್ಲ. ಈಗಿನ ಕಟ್ಟುನಿಟ್ಟು: ಮಗುವಿನ ಪದ ತುಳುವಾದರೆ ತುಳುವೇ, ಕನ್ನಡ ಲಿಪಿಯಲ್ಲಿ ಹಾಗೆಯೇ. ನಾವು ಕೇಳಿದ ಪ್ರಶ್ನೆಯನ್ನೂ ಪಕ್ಕದಲ್ಲಿ ಬರೆಯಬೇಕು. ವಿವರ ಕೆದಕುವ ಹಾಗಿಲ್ಲ. ಹೆಡ್‌ಮಾಸ್ಟರಿಗೆ ತಿಳಿಸಿದರೆ ನಮ್ಮ ಕೆಲಸ ಮುಗಿಯಿತು ಎಂಬ ತಪ್ಪು ತಿಳಿವಳಿಕೆ ಅರ್ಧ ಜನರಲ್ಲಿತ್ತು. 19ನೇ ಸೆಕ್ಷನ್ ಪ್ರಕಾರ ಮಾಹಿತಿ ಹೋಗಬೇಕಾದದ್ದು ಪೊಲೀಸರಿಗೆ. ಮುಚ್ಚಿಟ್ಟರೆ 21ರ ಪ್ರಕಾರ ಆರು ತಿಂಗಳವರೆಗೆ ಜೈಲು. ಹೇಳಿಕೆ ತೆಗೆಯುವಾಗ ಪೊಲೀಸರು ಸಮವಸ್ತ್ರದಲ್ಲಿರಬಾರದು, ಮಗುವಿನ ಮನೆಗೇ ಬಂದು ಬರೆದುಕೊಳ್ಳಬಹುದು ಎಂಬುದನ್ನು ಮನೆಯವರಿಗೆ ಅಲ್ಲೇ ಹೇಳಿದರೆ ಅವರ ಅರ್ಧ ಹೆದರಿಕೆ ಇಳಿಯುತ್ತದೆ.

ಗೇರು ತೋಟಕ್ಕೆ ಸಿಂಪಡಿಸಿದ ಎಂಡೋಸಲ್ಫಾನ್ ಕೀಟನಾಶಕಕ್ಕೆ ತುತ್ತಾದ ಮನೆಗಳ ಸಮಸ್ಯೆ ಈಗ ಬೇರೆ. ಐದು ಲಕ್ಷ ಪರಿಹಾರ ಕೊಡಿ ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 2017ರಲ್ಲಿ. ಆಗ ಶಾಲೆಗೆ ಹೋಗುವ ವಯಸ್ಸಿನ ಮಕ್ಕಳಲ್ಲಿ ಅನೇಕರು ಇವತ್ತು 18 ದಾಟಿದ್ದಾರೆ. 18 ದಾಟಿದ ಮೇಲೆ ತಾಯಿಯ ಸಹಿ ತಾನಾಗಿ ನಡೆಯುವುದಿಲ್ಲ. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಡಿ ಜಿಲ್ಲೆಯ ಲೋಕಲ್ ಲೆವೆಲ್ ಕಮಿಟಿಯಿಂದ ಗಾರ್ಡಿಯನ್‌ಶಿಪ್ (ಪೋಷಕತ್ವ) ಮಾಡಿಸಬೇಕು. ನಮ್ಮಲ್ಲಿ ಮೂರು ಅರ್ಜಿ ತಿರುಗಿ ಬಂದಿದ್ದವು. ಎರಡರಲ್ಲಿ ಮಗುವಿನ ಹೆಸರಿನ ಅಕ್ಷರ ಒಂದೊಂದು ದಾಖಲೆಯಲ್ಲಿ ಒಂದೊಂದು ಥರ. ಮೂರನೆಯದು ಬರೀ ಮಾನಸಿಕ ಕಾಯಿಲೆಯ ಪ್ರಕರಣ. ಈ ಕಾಯ್ದೆ ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯ, ಬಹುವೈಕಲ್ಯಕ್ಕೆ ಮಾತ್ರ. ಮಾನಸಿಕ ಕಾಯಿಲೆಯವರು ಚಿಕಿತ್ಸೆಯ ವಿಷಯದಲ್ಲಿ 2017ರ ಮಾನಸಿಕ ಆರೋಗ್ಯ ಕಾಯ್ದೆಯಡಿ ತಮ್ಮ ಪ್ರತಿನಿಧಿಯನ್ನು ತಾವೇ ಬರೆದು ನೇಮಿಸಬಹುದು. ಈ ಎರಡು ದಾರಿಯನ್ನು ಬೆರೆಸದ ಹಾಗೆ ಹುಡುಗ ಹದಿನೇಳಕ್ಕೆ ಬಂದಾಗಲೇ ಕಾಗದ ಜೋಡಿಸಲು ತೊಡಗುತ್ತೇವೆ. ಆಮೇಲೆ ಕೊಟ್ಟ ಒಂದು ಅರ್ಜಿಯೂ ತಿರುಗಿ ಬಂದಿಲ್ಲ.

ನಡುವೆ ಒಂದೆರಡು ಪ್ರಯೋಗವೂ ಆಯಿತು. ಪ್ರಕರಣವನ್ನು ನಾವೇ ಆಡಿ ತೋರಿಸಿದ ಅಭಿನಯವನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ತೋರಿಸಿದೆವು, ಕಲಿಕೆ ಚೆನ್ನಾಗಿತ್ತು. ಆದರೆ ಅದು ಗ್ರೂಪಿನಿಂದ ಗ್ರೂಪಿಗೆ ಹೋದರೆ ಮನೆ ಯಾವುದೆಂದು ಊರಿಗೆ ತಿಳಿಯುತ್ತದೆ. ಎಲ್ಲವನ್ನೂ ಅಳಿಸಿದೆವು. ಮಲಯಾಳ ಮಾತ್ರ ಬಲ್ಲ ಸಹೋದ್ಯೋಗಿಗಳನ್ನು ಕೂರಿಸಿಕೊಂಡದ್ದು ಸಫಲವಾಯಿತು, ಶಬ್ದಪಟ್ಟಿ ತಿದ್ದಿಕೊಟ್ಟವರೇ ಅವರು. ಪ್ರಕರಣ ಯಾರದ್ದೆಂದು ಗುರುತು ಸಿಗದ ಹಾಗೆ ಹೇಗೆ ಬದಲಿಸುತ್ತೇವೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಊರಿನ ಹೆಸರು ತೆಗೆದರೆ ಸಾಲದು ಎಂದಷ್ಟೇ ಹೇಳಬಲ್ಲೆ. ಉಳಿದದ್ದು ಎದುರಿಗೆ ಕೂತವರಿಗೆ ಮಾತ್ರ.

ಮುಂದಿನ ತಿಂಗಳಿನದು ಹಿರಿಯರ ಜೀವನಾಂಶ, 2007ರ ಕಾಯ್ದೆ. ಮಕ್ಕಳು ಗಲ್ಫಿನಲ್ಲಿ, ಜಾಗ ಮಕ್ಕಳ ಹೆಸರಿನಲ್ಲಿ, ಮನೆಯಲ್ಲಿ ಅಜ್ಜಿ ಒಬ್ಬರೇ. ಜಾಗ ಬರೆದುಕೊಡುವಾಗ ನೋಡಿಕೊಳ್ಳಬೇಕೆಂಬ ಷರತ್ತು ಹಾಕಿದ್ದಾರೋ ಇಲ್ಲವೋ ಎಂಬುದರ ಮೇಲೆ, ಆ ವರ್ಗಾವಣೆಯನ್ನು ರದ್ದು ಮಾಡಿಸುವ 23ನೇ ಸೆಕ್ಷನ್ ನಿಂತಿದೆ. ಅದಕ್ಕೆ ಕಚೇರಿಯವರು ‘ಆಧಾರಂ’ ತನ್ನಿ ಎನ್ನುತ್ತಾರೆ, ಅಜ್ಜಿ ಆಧಾರ್ ಕಾರ್ಡ್ ಹಿಡಿದುಕೊಂಡು ಹೋಗುತ್ತಾರೆ. ಕೇಳುತ್ತಿರುವುದು ಜಾಗದ ದಸ್ತಾವೇಜು. ಹದಿನಾರು ಪ್ರತಿ ಜೆರಾಕ್ಸಿಗೆ ಕೊಟ್ಟಿದ್ದೇನೆ, ಶಬ್ದಪುಟದ ಮೊದಲ ಸಾಲಿನಲ್ಲಿ ಅದನ್ನೇ ಹಾಕಿದ್ದೇನೆ.