ಅರೆತೀನೊ ಅಂದ್ರೆ ಯಾವ ಅರೆತೀನೊ?

ಹಳೆಯ ಲ್ಯಾಟಿನ್ ಪುಸ್ತಕಗಳ ಸ್ಕ್ಯಾನ್ ನೋಡಿ ಎಕ್ಸೆಲ್ ಶೀಟಿನಲ್ಲಿ ಪಟ್ಟಿ ಮಾಡುವ ಕೆಲಸ ಹಿಡಿದಿದ್ದೆ. ಲೇಖಕರ ಕಾಲಂ ಸುಲಭ ಅಂದುಕೊಂಡಿದ್ದೆ. ಎರಡನೇ ವಾರ "ಅರೆತೀನುಸ್" ಅನ್ನೋ ಹೆಸರಿನ ಸಾಲುಗಳನ್ನೆಲ್ಲ ಒಟ್ಟಿಗೆ ತಂದು ನೋಡಿದರೆ, ನಮ್ಮ ಲೇಖಕ ಮಹಾಶಯ 1444ರಲ್ಲಿ ಸತ್ತಿದ್ದಾನೆ, 1453ರಲ್ಲಿ ಮತ್ತೆ ಸತ್ತಿದ್ದಾನೆ, ಸಾಲದು ಅಂತ 1556ರಲ್ಲಿ ಇನ್ನೊಮ್ಮೆ.

ಅದು ಮನೆತನದ ಹೆಸರೇ ಅಲ್ಲ. ಇಟಲಿಯ ಅರೆಟ್ಸೊ ಊರಿನವನು ಅಂತ ಅರ್ಥ, ಅಷ್ಟೇ. ಲ್ಯಾಟಿನ್ನಿನಲ್ಲಿ ಅರೆತೀನುಸ್, ಇಟಾಲಿಯನ್ನಿನಲ್ಲಿ ಅರೆತೀನೊ. ಮಾಸ್ತಿ ಅಂದರೆ ಕೋಲಾರದ ಕಡೆಯ ಊರು ಅಂತ ಗೊತ್ತಿದ್ದೂ ನನಗೆ ಇದು ಹೊಳೆಯಲಿಲ್ಲವಲ್ಲ! ಊರಲ್ಲೇ ಇದ್ದವನನ್ನು ಯಾರೂ ಊರಿನ ಹೆಸರು ಹಿಡಿದು ಕರೆಯೋದಿಲ್ಲ. ಫ್ಲಾರೆನ್ಸಿಗೋ ರೋಮಿಗೋ ಹೋದವರಿಗೆ ಅದು ಅಂಟಿಕೊಳ್ಳುತ್ತೆ. ಹಾಗಂತ ಅಲ್ಲಿ ಹುಟ್ಟಿದವರಿಗೆಲ್ಲ ಅಂಟಲ್ಲ. 1304ರಲ್ಲಿ ಕವಿ ಪೆತ್ರಾರ್ಕ ಹುಟ್ಟಿದ್ದು ಅರೆಟ್ಸೊದಲ್ಲೇ, ಆದರೆ ಅಪ್ಪ ಫ್ಲಾರೆನ್ಸಿನಿಂದ ಗಡಿಪಾರಾಗಿ ಬಂದವನು.

ಇನ್ನೊಂದು ಎಡವಟ್ಟು ಪೂರ್ತಿ ನನ್ನದೇ. ಹದಿನೈದನೇ ಶತಮಾನದ ಅಚ್ಚಿನ ಪುಸ್ತಕಗಳಲ್ಲಿ ಎಷ್ಟೋ ಸಲ ಹೆಸರಿನ ಪುಟವೇ ಇರೋದಿಲ್ಲ, ಮೊದಲ ಸಾಲಿನಲ್ಲಿ "ಲಿಯೊನಾರ್ದಿ ಅರೆತೀನಿ" ಅಂತ ಇರುತ್ತೆ. ಅದು ಷಷ್ಠಿ ವಿಭಕ್ತಿ. ನಾನು "ಅರೆತೀನಿ" ಅಂತ ಇನ್ನೊಬ್ಬ ಲೇಖಕನನ್ನೇ ಸೃಷ್ಟಿಸಿಬಿಟ್ಟೆ. "ಮಾಸ್ತಿಯ ಕಥೆಗಳು" ಅಂತ ನೋಡಿ ಲೇಖಕನ ಹೆಸರು "ಮಾಸ್ತಿಯ" ಅಂತ ಬರೆದುಕೊಂಡ ಹಾಗೆ.

ಆಮೇಲೆ ಊರನ್ನು ಬದಿಗಿಟ್ಟು ಮೊದಲ ಹೆಸರಿನಿಂದ ವಿಂಗಡಿಸಿದೆ. ಲಿಯೊನಾರ್ದುಸ್ ಅಂದರೆ ಲಿಯೊನಾರ್ಡೊ ಬ್ರೂನಿ, ಅರಿಸ್ಟಾಟಲನ ಗ್ರಂಥಗಳನ್ನು ಗ್ರೀಕಿನಿಂದ ಲ್ಯಾಟಿನ್ನಿಗೆ ತಂದವನು, ಫ್ಲಾರೆನ್ಸಿನ ಚಾನ್ಸಲರ್, ಅಂದರೆ ಸರ್ಕಾರದ ಪತ್ರವ್ಯವಹಾರ ನೋಡಿಕೊಳ್ಳುವ ಮುಖ್ಯ ಅಧಿಕಾರಿ. 1444ರಲ್ಲಿ ಅವನು ಸತ್ತ ಮೇಲೆ ಅದೇ ಕುರ್ಚಿಗೆ ಬಂದವನು ಕಾರ್ಲೊ ಮಾರ್ಸುಪ್ಪೀನಿ, ಅವನೂ ಅರೆಟ್ಸೊದವನೇ! 1453ರಲ್ಲಿ ಸತ್ತವನು ಇವನು. ಇಬ್ಬರ ಸಮಾಧಿಯೂ ಫ್ಲಾರೆನ್ಸಿನ ಸಾಂತಾ ಕ್ರೋಚೆ ಚರ್ಚಿನಲ್ಲಿದೆ, ಎದುರುಬದುರು. ನಾನು ಇಬ್ಬರನ್ನೂ ಒಂದೇ ಸಾಲಿಗೆ ತುರುಕಿದ್ದೆ.

ಮೊದಲ ಹೆಸರೂ ಕೈಕೊಟ್ಟಿದ್ದು "ಫ್ರಾನ್ಸಿಸ್ಕುಸ್ ಅರೆತೀನುಸ್" ಬಂದಾಗ. ಆ ಹೆಸರಿನವರು ಇಬ್ಬರು, ಅಕ್ಕೋಲ್ತಿ ಮತ್ತು ಗ್ರಿಫೊಲೀನಿ. ಇಬ್ಬರೂ ಫ್ರಾಂಚೆಸ್ಕೊ, ಇಬ್ಬರೂ ಒಂದೇ ಊರು, ಒಂದೇ ಶತಮಾನ. ಅಕ್ಕೋಲ್ತಿ ಕಾನೂನು ಪಂಡಿತ. ಗ್ರಿಫೊಲೀನಿ ಗ್ರೀಕ್ ಅನುವಾದಕ, ಗುರು ಲೊರೆಂಟ್ಸೊ ವಲ್ಲಾ ಅರ್ಧಕ್ಕೆ ಬಿಟ್ಟಿದ್ದ ಹೋಮರನ ಇಲಿಯಡ್ ಅನುವಾದವನ್ನು ಮುಗಿಸಿದವನು. ಅವನು ಅನುವಾದಿಸಿದ ಫಲಾರಿಸ್ ಪತ್ರಗಳನ್ನು (ಫಲಾರಿಸ್ ಅನ್ನೋ ಪ್ರಾಚೀನ ದೊರೆಯ ಹೆಸರಿನಲ್ಲಿರುವ ಗ್ರೀಕ್ ಪತ್ರಗಳು) ಬಹಳ ಕಾಲ ಅಕ್ಕೋಲ್ತಿಯ ಲೆಕ್ಕಕ್ಕೇ ಬರೆದಿದ್ದರಂತೆ. ದೊಡ್ಡ ದೊಡ್ಡ ವಿದ್ವಾಂಸರೇ ಎಡವಿದ ಜಾಗ ಅಂತ ತಿಳಿದು, ನಿಜ ಹೇಳ್ತೀನಿ, ಸ್ವಲ್ಪ ಖುಷಿಯಾಯಿತು. ಇಲ್ಲಿ ಹೆಸರು ನೋಡಿ ಪ್ರಯೋಜನವಿಲ್ಲ. ಪುಟ ತಿರುಗಿಸಿ ಒಳಗೇನಿದೆ ಅಂತ ನೋಡಬೇಕು. ಕಾನೂನಿನ ವ್ಯಾಖ್ಯಾನ ಇದ್ದರೆ ಅಕ್ಕೋಲ್ತಿ, ಗ್ರೀಕಿನಿಂದ ಬಂದದ್ದಾದರೆ ಹೆಚ್ಚಾಗಿ ಗ್ರಿಫೊಲೀನಿ.

ಈಗ ಶೀಟಿನಲ್ಲಿ ಮೂರು ಕಾಲಂ ಮಾಡಿಕೊಂಡಿದ್ದೇನೆ: ಮೊದಲ ಹೆಸರು, ಮನೆತನ, ಊರು. 1556ರಲ್ಲಿ ಸತ್ತವನು ಪಿಯೆತ್ರೊ ಅರೆತೀನೊ, ವೆನಿಸ್‌ನಲ್ಲಿ ಕೂತು ರಾಜರನ್ನೂ ಬಿಡದೆ ಗೇಲಿ ಮಾಡಿದವನು. ಅಪ್ಪ ಚಪ್ಪಲಿ ಹೊಲಿಯುತ್ತಿದ್ದ. ಮಗ ಅಪ್ಪನ ಹೆಸರು ಇಟ್ಟುಕೊಳ್ಳಲಿಲ್ಲ, ಜೀವನಪೂರ್ತಿ ಊರಿನ ಹೆಸರಲ್ಲೇ ಮೆರೆದ. ಅವನ ಸಾಲಿನಲ್ಲಿ ಮನೆತನದ ಕಾಲಂ ಖಾಲಿ ಬಿಟ್ಟಿದ್ದೇನೆ.