ಡೈರಿಯಿಂದ ಫೋನಿಗೆ, ಮತ್ತೆ ಡೈರಿಗೆ

ದಾವಣಗೆರೆಯಲ್ಲಿ ನಾನು ಇನ್ಶೂರೆನ್ಸ್ ಏಜೆಂಟ್. ಈ ಕೆಲಸದಲ್ಲಿ ತಾರೀಕೇ ಎಲ್ಲ. ವರ್ಷದ ಅಥವಾ ಆರು ತಿಂಗಳ ಕಂತಿಗೆ ಡ್ಯೂ ಆದ ಮೇಲೆ 30 ದಿನ ಗ್ರೇಸ್, ಅಂದರೆ ಕಟ್ಟೋಕೆ ಹೆಚ್ಚಿನ ಗಡುವು, ಇರುತ್ತದೆ, ತಿಂಗಳ ಕಂತಿಗೆ 15 ದಿನ. ಅದೂ ದಾಟಿದರೆ ಪಾಲಿಸಿ ಲ್ಯಾಪ್ಸ್, ಅಂದರೆ ವಿಮೆ ನಿಂತುಹೋಗುತ್ತದೆ.

ಮೊದಲೆಲ್ಲ ಡಿಸೆಂಬರ್ ಕೊನೆಯ ಭಾನುವಾರ ಹಳೇ ಡೈರಿ, ಹೊಸ ಡೈರಿ ಪಕ್ಕಪಕ್ಕ ಇಟ್ಟುಕೊಂಡು ಕೂರುತ್ತಿದ್ದೆ. ಹೆಸರು, ನಂಬರು, ಡ್ಯೂ ತಾರೀಕು ಎಲ್ಲ ಕೈಯಲ್ಲೇ ಇಳಿಸಬೇಕು. ಬೇಜಾರಿನ ಕೆಲಸ. ಆದರೆ ಬರೆಯುತ್ತಾ ಹೋದಂತೆ ಒಂದೊಂದು ಹೆಸರಿನ ಹತ್ತಿರ ಪೆನ್ನು ನಿಲ್ಲುತ್ತಿತ್ತು. ಈ ಅಜ್ಜ ಹೋಗಿಬಿಟ್ಟರಲ್ಲ, ಇವರ ಮಗಳ ಮದುವೆ ಆಯ್ತಾ, ಹೀಗೆ.

1998ರಲ್ಲಿ ಡಿಜಿಟಲ್ ಡೈರಿ ತಗೊಂಡೆ. ಅಂಗೈ ಅಗಲದ್ದು, ಜೇಬಿನಿಂದ ತೆಗೆದರೆ ಜನ ಬಗ್ಗಿ ನೋಡೋರು. ಕನ್ನಡ ಮಾತ್ರ ಇರಲಿಲ್ಲ. ‘ಅಡಿಕೆ ಮಾರಿದ ಮೇಲೆ ಹೋಗು’ ಅನ್ನುವುದನ್ನೂ ಇಂಗ್ಲಿಷ್ ಕ್ಯಾಪಿಟಲ್ ಅಕ್ಷರಗಳಲ್ಲೇ ಒತ್ತಬೇಕಿತ್ತು.

ಅದರೊಳಗೆ ಎರಡು ಬಟನ್ ಸೆಲ್. ಒಂದು ಓಡಿಸೋಕೆ, ಇನ್ನೊಂದು ನೆನಪು ಉಳಿಸೋಕೆ. ಒಂದನ್ನು ಬದಲಿಸುವಾಗ ಇನ್ನೊಂದು ಒಳಗೇ ಇರಬೇಕು. ವಾಚ್ ರಿಪೇರಿ ಅಂಗಡಿಯ ಹುಡುಗ ಎರಡನ್ನೂ ಒಟ್ಟಿಗೆ ಕಿತ್ತ. ನಾನೂ ಪಕ್ಕದಲ್ಲೇ ನಿಂತು ನೋಡುತ್ತಿದ್ದೆ, ಗೊತ್ತಾಗಲಿಲ್ಲ. ಆನ್ ಮಾಡಿದರೆ ಸ್ಕ್ರೀನ್ ಖಾಲಿ, ಮುನ್ನೂರು ಚಿಲ್ಲರೆ ಹೆಸರು ಮಾಯ. ಪುಣ್ಯಕ್ಕೆ ಹಳೇ ಡೈರಿಗಳು ಅಟ್ಟದ ಮೇಲಿದ್ದವು. ಇಲಿ ಒಂದಿಷ್ಟು ತಿಂದಿತ್ತು ಅಷ್ಟೇ.

2004ರಲ್ಲಿ ಸಿಂಪ್ಯೂಟರ್ ಅನ್ನೋ ಅಂಗೈ ಕಂಪ್ಯೂಟರ್ ಬಂತು. ನಮ್ಮ ಬೆಂಗಳೂರಿನದೇ, ಐಐಎಸ್‌ಸಿಯವರ ಕೈವಾಡ, ಕನ್ನಡವೂ ಬರುತ್ತಂತೆ ಅಂತ ಆಸೆಪಟ್ಟೆ. ಸುಮಾರು 10,000 ರೂಪಾಯಿ ಅಂದಾಗ ಸುಮ್ಮನಾದೆ.

ಈಗ ಎಲ್ಲ ಫೋನಿನ ಕ್ಯಾಲೆಂಡರಿನಲ್ಲಿದೆ, ಕನ್ನಡದಲ್ಲೇ. ಪಾಲಿಸಿ ಆದ ದಿನವೇ ಕಂತಿನ ತಾರೀಕು ಹಾಕಿ, ವರ್ಷಕ್ಕೊಮ್ಮೆಯೋ ಆರು ತಿಂಗಳಿಗೊಮ್ಮೆಯೋ ರಿಪೀಟ್ ಕೊಡುತ್ತೇನೆ. ಡ್ಯೂಗೆ ಒಂದು ವಾರ ಮುಂಚೆ ಒಂದು ರಿಮೈಂಡರ್, ಗ್ರೇಸ್ ಮುಗಿಯೋಕೆ ಐದು ದಿನ ಇರುವಾಗ ಇನ್ನೊಂದು. ಈ ಎರಡನೆಯದು ಎಷ್ಟು ಪಾಲಿಸಿ ಉಳಿಸಿದೆಯೋ ಲೆಕ್ಕವಿಲ್ಲ. ಆದರೂ ಹಳ್ಳಿ ಕಡೆ ಹೋದರೆ ಜೇಬಲ್ಲಿ ಸಣ್ಣ ನೋಟ್‌ಬುಕ್ ಇರಲೇಬೇಕು. ಫೋನಲ್ಲಿ ಒತ್ತಿದರೆ ವಾಟ್ಸಾಪ್ ನೋಡ್ತಿದ್ದೀನಿ ಅಂದ್ಕೋತಾರೆ. ಪೆನ್ನು ತೆಗೆದರೆ “ಬರ್ಕೊಂಡ್ರಾ ಸಾರ್?” ಅಂತ ಕೇಳಿ ಸಮಾಧಾನ ಪಡ್ತಾರೆ.

ಎರಡು ವರ್ಷದ ಹಿಂದೆ, ಆಗಸ್ಟ್‌ನಲ್ಲಿ, ಬೆಳಿಗ್ಗೆ ಒಂದು ರಿಮೈಂಡರ್ ಬಂತು. ಕಾಫಿ ಕುಡೀತಾ ಹಾಗೇ ಡಯಲ್ ಮಾಡಿದೆ. ಎತ್ತಿದ್ದು ಹೆಣ್ಣು ದನಿ. “ಹೇಳಿ ಅಣ್ಣಾ.” ಆಗ ನೆನಪಾಯ್ತು. ಆಕೆಯ ಗಂಡ ಹೋದಾಗ ಕ್ಲೇಮ್ ಮಾಡಿಸಿಕೊಟ್ಟವನು ನಾನೇ. ಕ್ಯಾಲೆಂಡರಿನಿಂದ ಹೆಸರು ತೆಗೆದಿರಲಿಲ್ಲ. ಹೇಗಿದ್ದೀರಮ್ಮ ಅಂತ ಏನೇನೋ ಕೇಳಿ ಇಟ್ಟೆ.

ಆ ಡಿಸೆಂಬರ್‌ನಿಂದ ಮತ್ತೆ ಕೊನೆಯ ಭಾನುವಾರ ಕೂರುತ್ತಿದ್ದೇನೆ. ಫೋನ್ ಎಡಕ್ಕೆ, ಹೊಸ ಡೈರಿ ಬಲಕ್ಕೆ. ಮಗ ನೋಡಿ, “ಪ್ರಿಂಟ್ ತೆಗೆದು ಕೊಡ್ಲಾ ಅಪ್ಪಾ?” ಅಂತಾನೆ. ಬೇಡ ಅಂತೀನಿ.